ಕಾಲುಪಟ್ಟಿಯ ಹಳೇ ಕೀಲು

ರೀ, ಬಂದ ತಕ್ಷಣ ಇದನ್ನು ಓದಿ, ಚಪ್ಪಲಿ ಬಿಚ್ಚಬೇಡಿ. ಫೋನನ್ನೂ ಕಿಟಕಿಯಲ್ಲೇ ಬಿಟ್ಟುಹೋಗಿದ್ದೀರಿ.

ಪುಟ್ಟಿಯನ್ನು ಶಾಲೆಯಲ್ಲಿ ನಡೆಯುತ್ತಿರುವ ಡಾಕ್ಟರುಗಳ ಶಿಬಿರದಲ್ಲಿ ಕೂರಿಸಿ ಓಡಿ ಬಂದೆ. ಇವತ್ತು ಮಧ್ಯಾಹ್ನಕ್ಕೆ ಅವರು ಗಂಟುಮೂಟೆ ಕಟ್ಟುತ್ತಾರೆ, ಮತ್ತೆ ಬರುವುದು ಮುಂದಿನ ವರ್ಷ. ಹೊಸ ಕಾಲುಪಟ್ಟಿ ಹಾಕದಿದ್ದರೆ ಅಷ್ಟರಲ್ಲಿ ಅವಳ ಮಂಡಿ ಮಡಚಿದ ಹಾಗೆಯೇ ಗಟ್ಟಿಯಾಗಿಬಿಡುತ್ತದಂತೆ.

ನೀವು ಸೈಕಲ್ ಸರಳು ಬೆಸೆದು ಅವಳು ನಡೆಯಲು ಕಟ್ಟಿಕೊಳ್ಳುವ ಕಬ್ಬಿಣದ ಕಾಲುಪಟ್ಟಿಯನ್ನು ಉದ್ದ ಮಾಡುವಾಗ ಮಂಡಿಯ ಕೀಲು ಕಿತ್ತಿರಲ್ಲ, ಅದು ಬೇಕು. ಶಿಬಿರದಲ್ಲಿ ಹೊಸ ಕಾಲುಪಟ್ಟಿ ಇದೆ, ಆದರೆ ಅವಳ ಅಳತೆಯ ಕೀಲು ಮುಗಿದಿದೆ. “ಹಳೇದು ತಂದ್ರೆ ಈಗ್ಲೇ ಕೂರಿಸಿಕೊಡ್ತೀನಮ್ಮ” ಅಂದರು ಕಾಲುಪಟ್ಟಿ ಮಾಡುವವರು. ನಿಮ್ಮ ಅಂಗಡಿಯ ಡಬ್ಬಗಳನ್ನೆಲ್ಲ ಸುರಿದು ಹುಡುಕಿದೆ, ಸಿಗಲಿಲ್ಲ. ಪುಟ್ಟಿಯ ಜೊತೆ ಸರದಿಯಲ್ಲಿ ನಿಲ್ಲಲು ಶಿಬಿರಕ್ಕೆ ವಾಪಸ್ ಹೋಗುತ್ತಿದ್ದೇನೆ.

ಹಾಲು ಕಾಯಿಸಿಟ್ಟಿದ್ದೇನೆ, ನಿಂತೇ ಕುಡಿದು ಹುಡುಕಿ.

ಮೊನ್ನೆ ಶಿಬಿರದ ಮೊದಲ ದಿನ ನಿಮ್ಮ ಬೆಸುಗೆ ನೋಡಿ ಡಾಕ್ಟರು ಬೈದರೆಂದು ನಾಚಿಕೊಂಡು ಕೂರಬೇಡಿ. “ನಮ್ಮಪ್ಪ ಮಾಡಿದ್ದನ್ನ ಬಿಸಾಕಬೇಡಿ” ಅಂತ ಪುಟ್ಟಿ ಅವರ ಜೊತೆಯೇ ಜಗಳಕ್ಕೆ ನಿಂತಳು. ನಿಮಗೆ ಬೇಜಾರಾಗುತ್ತದೆಂದು ಹುಣ್ಣಾದರೂ ಬಾಯಿ ಬಿಡದೆ ಅದನ್ನೇ ಹಾಕಿಕೊಂಡು ನಡೆದವಳು ಅವಳು. ನಿಮ್ಮ ತಪ್ಪಲ್ಲ. ಅವಳು ಬೆಳೆದಳು, ಕಬ್ಬಿಣ ಬೆಳೆಯಲಿಲ್ಲ.

ನಮ್ಮ ಸರದಿ ಬಂದಾಗಲೆಲ್ಲ ಹಿಂದಿನವರನ್ನು ಮುಂದೆ ಬಿಡುತ್ತಿರುತ್ತೇನೆ. ಹಾಗೆ ಬಿಡಲು ನಮ್ಮ ಹಿಂದೆ ಇನ್ನೂ ಯಾರಾದರೂ ಇರುವಾಗಲೇ ಕೀಲು ಹಿಡಿದು ಬಂದುಬಿಡಿ.