ತೊಮಾಸಿನ್ ರೇನ್ ಹಡಗಿನ ಗೆರೆ

ವೆಸ್ಟ್ ಹಾರ್ಟಲ್‌ಪೂಲ್
೧೮೭೭, ಮಾರ್ಚ್ ೫, ಸೋಮವಾರ

ಒಣಮೀನು, ಚಹಾ. ಕಿಟಕಿಯ ಗಾಜಿನಿಂದ ಕಲ್ಲಿದ್ದಲ ಪುಡಿ ಒರೆಸುತ್ತಿದ್ದಾಗ ಸೆಪ್ಟಿಮಸ್ ಬಂದ. ಜೋನಾಸ್ ಸತ್ತ ಮೇಲೆ ಈ ಮೈದುನ ವಾರಕ್ಕೆ ಮೂರು ಸಲ ಬರುತ್ತಾನೆ. ಹಡಗಿನಲ್ಲಿ ಎರಡು ಪಾಲು ನನ್ನದು, ಒಂದು ಅವನದು.

"ಅತ್ತಿಗೆ, ಹಡಗಿನ ಪಕ್ಕೆಗೆ ಒಂದು ಗೆರೆ ಬರೆಸ್ಬೇಕು. ಆ ಗೆರೆ ನೀರಲ್ಲಿ ಮುಳುಗೋವಷ್ಟು ಸರಕು ಹೇರೋ ಹಾಗಿಲ್ಲ. ಹೊಸ ಕಾನೂನು."

"ಎಲ್ಲಿ ಬರೀಬೇಕಂತೆ?"

"ಅದು ಕಾನೂನಲ್ಲಿಲ್ಲ. ಮಾಲೀಕರ ಇಷ್ಟ."

ಮೂರು ಸಲ ಕೇಳಿದೆ. ಅದೇ ಉತ್ತರ. ಇದು ಕಾನೂನೋ, ತಮಾಷೆಯೋ?

ಮಾರ್ಚ್ ೬

ಕ್ಯಾಪ್ಟನ್ ಗಾರ್ಬಟ್‌ರನ್ನು ಕರೆಸಿದೆ. ಟೋಪಿ ತಿರುಗಿಸುತ್ತ ಕೂತರು.

"ಒಡತಿ ನೀವು. ನೀವು ಹೇಳಿದ ಕಡೆ." ಆಮೇಲೆ, ತಡೆದು— "ತೊಮಾಸಿನ್ ಈಚೆಗೆ ಭಾರ ಆಗಿದಾಳೆ, ಅಮ್ಮ. ನಡು ಕೊಯ್ದ ಮೇಲೆ ಮೊದಲಿನ ಹಾಗೆ ಏಳಲ್ಲ." ಮುಖ ಕೆಂಪಾಯಿತು. "ಹಡಗು... ಹಡಗಿನ ಮಾತು."

ಜೋನಾಸ್ ನನ್ನ ಹೆಸರನ್ನು ಅದಕ್ಕೆ ಇಡಬಾರದಿತ್ತು.

ನಡು ಕೊಯ್ದದ್ದನ್ನು ನಾನೂ ನೋಡಿದ್ದೆ. ನಾಲ್ಕು ವರ್ಷದ ಹಿಂದೆ. ಹಡಗನ್ನು ಎರಡು ತುಂಡು ಮಾಡಿ, ನಡುವೆ ಮೂವತ್ತು ಅಡಿ ಸೇರಿಸಿದರು. ತುಂಡುಗಳ ನಡುವೆ ಆಕಾಶ ಕಾಣುತ್ತಿತ್ತು. ಹೆಚ್ಚು ಸರಕು ಹಿಡಿಯಲೆಂದು ಎಲ್ಲ ಮಾಲೀಕರೂ ಹಾಗೆ ಉದ್ದ ಮಾಡಿಸುತ್ತಿದ್ದರು, ಜೋನಾಸನೂ ಮಾಡಿಸಿದ.

ಮಾರ್ಚ್ ೧೧, ಭಾನುವಾರ

ಚರ್ಚಿನ ಬಾಗಿಲಲ್ಲಿ ಕ್ಯಾಪ್ಟನ್‌ರ ಹೆಂಡತಿ ಡೋರ್ಕಸ್ ಸಿಕ್ಕಳು. ಅವಳನ್ನೂ ಕೇಳಿದೆ.

"ತಳಕ್ಕೇ ಬರೆಸಿಬಿಡಿ. ಆಗ ನಮ್ಮನೆಯವರು ಮನೇಲೇ ಬಿದ್ದಿರ್ತಾರೆ."

ನಕ್ಕೆವು. ಅವಳು ಬೇಗ ನಿಲ್ಲಿಸಿದಳು.

ಮಾರ್ಚ್ ೧೪

ಡೆಕ್‌ನಿಂದ ಮೂರು ಅಡಿ ಕೆಳಗೆ. ಪೇಂಟರ್ ಮತ್ಯಾಸ್ ಬರೆದ. ಮೂರು ಏಕೆ? ಸೆಪ್ಟಿಮಸ್ ಒಂದು ಅಂದ, ನಾನು ಒಂದಲ್ಲ ಅಂದೆ. ಅಷ್ಟೇ.

ಏಪ್ರಿಲ್ ೨೩

ಜ್ವರ. ಸೆಪ್ಟಿಮಸ್ ಮಂಚದ ಪಕ್ಕ ಕೂತಿದ್ದ. "ನಮ್ಮ ಗೆರೆ ನೋಡಿ ಬಂದರಿನ ಡಾಕ್‌ನಲ್ಲೆಲ್ಲ ನಗ್ತಾರೆ, ಅತ್ತಿಗೆ. ಸ್ವಲ್ಪ ಮೇಲೆತ್ತಿಸ್ಲಾ?" ಏನೋ ಅಂದೆ. ತಲೆ ಸಿಡಿಯುತ್ತಿದೆ.

ಮೇ ೨

ಎದ್ದು ಡಾಕ್‌ಗೆ ಹೋದೆ. ಹಡಗಿಲ್ಲ. ಸೋಮವಾರವೇ ಕಲ್ಲಿದ್ದಲು ತುಂಬಿಕೊಂಡು ರಷ್ಯಾದ ಕ್ರೋನ್‌ಸ್ಟಾಟ್‌ಗೆ ಹೊರಟಿದೆ.

"ಎರಡು ಅಡಿ ಮೇಲೆ ಬರೆದೆ, ಅಮ್ಮ," ಅಂದ ಮತ್ಯಾಸ್. "ನೀವು ಹೂಂ ಅಂದಿರಂತೆ."

ಅಂದೆನೇ? ಬೇಡ ಅಂದ ನೆನಪಿಲ್ಲ. ಹೂಂ ಅಂದ ನೆನಪೂ ಇಲ್ಲ.

ಮೇ ೧೬

ಹತ್ತು ದಿನದ ದಾರಿ. ತಂತಿ ಇಲ್ಲ. ಡೋರ್ಕಸ್ ಬೆಳಿಗ್ಗೆ ಬಂದು, ಏನೂ ಕೇಳದೆ, ಅರ್ಧ ಗಂಟೆ ಕೂತು ಹೋದಳು. ಗೆರೆ ಎತ್ತಿಸಿದ್ದು ಅವಳಿಗೆ ಗೊತ್ತೋ? ಹೇಳಬೇಕಿತ್ತೋ?

ಮೇ ೧೭, ಬೆಳಿಗ್ಗೆ ೧೦

ತಂತಿ ಬಂತು. ತಲುಪಿದೆ, ಎಲ್ಲರೂ ಕ್ಷೇಮ.

"ನೋಡಿದ್ರಾ? ಮುಳುಗ್ಲಿಲ್ಲ!" ಅಂದ ಸೆಪ್ಟಿಮಸ್.

ಹಾಗಾದರೆ ಅವನದೇ ಸರಿಯೇ? ಅಳು ಬಂತು, ಸಂತೋಷಕ್ಕೆ. ಸಿಟ್ಟೂ ಬಂತು — ಯಾರ ಮೇಲೆ, ತಿಳಿಯದು.

ಜೂನ್ ೮

ಹಡಗು ಮರಳಿತು. ಕ್ಯಾಪ್ಟನ್ ನೇರ ಮನೆಗೆ ಬಂದರು. ಸೊರಗಿದ್ದಾರೆ.

"ಆರು ದಿನ ಡೆಕ್ ಕಾಣಿಸ್ಲಿಲ್ಲ, ಅಮ್ಮ. ಬರೀ ನೀರು. ಯಾರೂ ಬೂಟು ಬಿಚ್ಚಿ ಮಲಗ್ಲಿಲ್ಲ."

"ಉಳಿದದ್ದು ಹಡಗು ಗಟ್ಟಿ ಅಂತಲೋ, ಅದೃಷ್ಟವೋ?"

ತಲೆ ಅಲ್ಲಾಡಿಸಿದರು. "ಗೊತ್ತಿಲ್ಲ."

ಇಪ್ಪತ್ತೆಂಟು ವರ್ಷ ಸಮುದ್ರದಲ್ಲಿದ್ದವರು!

ಜೂನ್ ೧೧, ಸೋಮವಾರ

ಡಾಕ್‌ಗೆ ನಾನೇ ಹೋಗಿ ನಿಂತೆ. ಮತ್ಯಾಸ್ ಹಗ್ಗಕ್ಕೆ ತೂಗುಬಿಟ್ಟ ಹಲಗೆಯ ಮೇಲೆ ಕೂತು ಗೆರೆ ಕೆರೆಯುತ್ತಿದ್ದ. ಸೆಪ್ಟಿಮಸ್ ಏದುಸಿರು ಬಿಡುತ್ತ ಬಂದ.

"ಈಗೆಷ್ಟು?"

"ನಾಲ್ಕು ಅಡಿ ಕೆಳಗೆ."

"ಅಯ್ಯೋ, ಯಾವ ಲೆಕ್ಕದಲ್ಲಿ ನಾಲ್ಕು? ಮುಳುಗುತ್ತೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ."

"ಮತ್ತೆ?"

"ಗೊತ್ತಿಲ್ಲದ್ದಕ್ಕೇ ಕೆಳಗೆ."

ಮೇಲೆ ನಿಂತಿದ್ದ ಕ್ಯಾಪ್ಟನ್ ಟೋಪಿ ತೆಗೆದರು. ನನಗೋ, ಸೆಕೆಗೋ... ಸೆಪ್ಟಿಮಸ್ ತನ್ನ ಪಾಲು ಮಾರುತ್ತಾನಂತೆ. ಮಾರಲಿ. ಕೊಂಡವರು ಯಾರೇ ಆಗಲಿ, ಬಂದು ಗೆರೆ ಮೇಲೆತ್ತೋಣವೇ ಅಂತ ಕೇಳಿದರೆ, ಜ್ವರವಿದ್ದರೂ ನಾನು ಬೇಡ ಅನ್ನುತ್ತೇನೆ.