ಒಣಮರ ಎಂದು ಕಡಿದ ದೇವಕಣಗಿಲೆ

ಅರಸೀಕೆರೆ, 15 ಜನವರಿ 1961, ಭಾನುವಾರ

ನಿನ್ನೆ ಸಂಕ್ರಾಂತಿ. ನಾವು ಹೆಂಗಸರೆಲ್ಲ ಎಳ್ಳು ಬೀರಲು ಹೋಗಿದ್ದಾಗ, ಸ್ಟೇಷನ್ ರಸ್ತೆಯ ವಾಚನಾಲಯದ ಮುಂದಿನ ದೇವಕಣಗಿಲೆ ಮರ ಕಡಿಸಿದರು. ಕಟ್ಟೆಯನ್ನೂ ಒಡೆಸಿದರು. ಅಲ್ಲಿ ಬಾವುಟದ ಕಂಬ ನಿಲ್ಲಿಸಬೇಕಂತೆ. ವಾಚನಾಲಯದ ಕಮಿಟಿ ಕೊಟ್ಟ ಕಾರಣ — ಒಣಮರ.

ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಬೋಳಾಗಿಯೇ ನಿಲ್ಲುತ್ತದೆ. ಪ್ರತಿ ವರ್ಷವೂ. ಪೇಪರಿನಿಂದ ತಲೆ ಎತ್ತಿದ್ದರೆ ತಾನೆ ಇವರಿಗೆ ಗೊತ್ತಾಗುವುದು!

ಕಮಿಟಿಯ ಸೆಕ್ರೆಟರಿ ನಮ್ಮ ಯಜಮಾನರೇ.

"ರೇವಣಸಿದ್ದಪ್ಪನವರು ಅಧ್ಯಕ್ಷರು. ಅವರು ಹೇಳಿದರು, ನಾನು ರುಜು ಹಾಕಿದೆ ಕಣೇ ಗೋದಾ."

"ಟೈಫಾಯ್ಡ್‌ನಲ್ಲಿ ನನ್ನ ಕೂದಲೆಲ್ಲ ಉದುರಿತ್ತಲ್ಲ, ಆಗ ನನಗೂ ಒಂದು ರುಜು ಹಾಕಿಬಿಡಬೇಕಿತ್ತು."

ಬಾಯಲ್ಲಿದ್ದ ಎಳ್ಳು ಅಗಿಯುವುದನ್ನೂ ಮರೆತರು.

17 ಜನವರಿ

ಆ ಮರ ನೆಟ್ಟದ್ದು ಹನ್ನೊಂದು ವರ್ಷದ ಹಿಂದೆ, ಗಣರಾಜ್ಯವಾದ ದಿನ. ಹಿಂದಿನ ದಿನ ಹಳೇಬೀಡಿನಿಂದ ಕೊಂಬೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ನಾನು. ಜಾವಗಲ್ ದಾಟುವುದರೊಳಗೆ ಕೊಂಬೆಯ ಹಾಲು ಸೋರಿ ಸೀರೆಯೆಲ್ಲ ಕಲೆ.

"ಏನಮ್ಮ, ಕೋಲಿಗೂ ಟಿಕೆಟ್ ತಗೋತೀರಾ?" ಕಂಡಕ್ಟರ್ ನಗು.

"ಬೆಳೆದ ಮೇಲೆ ತಗೋತೀನಪ್ಪ."

ವಾಚನಾಲಯದ ಒಳಗಿನ ಬೆಂಚುಗಳು ಗಂಡಸರವು. ನಾವು ಬರಬಾರದೆಂದು ಬೋರ್ಡು ಹಾಕಿರಲಿಲ್ಲ. ನಾವು ಹೋದಾಗ ಜಾಗ ಇರುತ್ತಿರಲಿಲ್ಲ, ಅಷ್ಟೆ. ಮರದ ಕಟ್ಟೆಯೇ ನಮ್ಮ ವಾಚನಾಲಯ. ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಅಕ್ಷರ ಕಲಿತದ್ದು ಅಲ್ಲಿ. ಮೊದಲ ಸಲ ತಾನೇ ಪೇಪರ್ ಓದುತ್ತಿದ್ದಾಗ ಹಾಳೆಯ ಮೇಲೆ ಒಂದು ಹೂ ಬಿತ್ತು.

"ತಡೀ ಅಕ್ಕ, ಇದೊಂದು ಅಡ್ಡ ಐತೆ" ಎಂದು ಅದನ್ನು ಸರಿಸಿ ಮುಂದಿನ ಸಾಲಿಗೆ ಹೋದಳು. ಎತ್ತಿ ಮುಡಿಯಲಿಲ್ಲ! ನೆನೆದರೆ ಇವತ್ತಿಗೂ ಎದೆಯುಬ್ಬುತ್ತದೆ.

26 ಜನವರಿ

ಕಟ್ಟೆ ಇದ್ದ ಜಾಗದಲ್ಲೇ ಧ್ವಜಾರೋಹಣ. ಕೈ ಮುಗಿದೆ. ಲಾಡು ಬೇಡವೆಂದೆ. ಕಡಿದ ಕೊಂಬೆಯೊಂದು ಇನ್ನೂ ಕಾಂಪೌಂಡಿನ ಬುಡದಲ್ಲಿ ಬಿದ್ದಿತ್ತು. ಹೊತ್ತು ತಂದು ಹಿತ್ತಲ ಗೋಡೆಗೆ ಒರಗಿಸಿದೆ. ಮಣ್ಣಿಲ್ಲ, ನೀರಿಲ್ಲ.

"ಸೌದೆಗೂ ಆಗೋಲ್ಲ ಕಣೇ ಅದು."

"ಸೌದೆಗೆ ತಂದಿಲ್ಲ."

10 ಮಾರ್ಚ್

ತುದಿಯಲ್ಲಿ ಮೊಗ್ಗು! ಯಜಮಾನರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಊಟಕ್ಕೆ ಕೂತಾಗ ತಾವಾಗಿಯೇ ಅಂದರು — "ಇಪ್ಪತ್ತಾರಕ್ಕೆ ವಾರ್ಷಿಕ ಸಭೆ. ಊರಿನವರು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು... ಹೆಂಗಸರೂ." ಇನ್ನೊಂದು ಸೌಟು ತುಪ್ಪ ಬಡಿಸಿದೆ.

26 ಮಾರ್ಚ್, ಸಂಜೆ ನಾಲ್ಕು

ಗೊಂಚಲು ಅರಳಿದೆ. ಬಿಳಿ ಎಸಳು, ನಡುವೆ ಹಳದಿ. ಕಲೆಯಾದ ಆ ಹಳೇ ಸೀರೆಯನ್ನೇ ಉಟ್ಟಿದ್ದೇನೆ. ವೆಂಕಟಲಕ್ಷ್ಮಮ್ಮ ಆಗಲೇ ಹೊಸಿಲಲ್ಲಿ — "ಬಿರ್ನೆ ಬಾ ಅಕ್ಕ, ಮುಂದಿನ ಬೆಂಚೇ ಹಿಡೀಬೇಕು!"

ಕೊಂಬೆಯನ್ನು ಅಧ್ಯಕ್ಷರ ಮೇಜಿನ ಮೇಲೆಯೇ ಇಡುತ್ತೇನೆ. ರೇವಣಸಿದ್ದಪ್ಪನವರೇ, ಇದು ಒಣಮರವೇ? ನಮ್ಮ ಕಟ್ಟೆಯನ್ನು ಮತ್ತೆ ಎಂದು ಕಟ್ಟಿಸುತ್ತೀರಿ? ಅಲ್ಲಿಯವರೆಗೆ ಒಳಗೆ ಯಾವ ಬೆಂಚು ನಮ್ಮದು? ಉತ್ತರ ನನ್ನ ಯಜಮಾನರ ಕೈಲಿ ಹೇಳಿಕಳಿಸಬೇಡಿ. ಊರಿನವರ ಮುಂದೆ, ನೀವೇ ಎದ್ದು ನಿಂತು —