ಸೀಸದ ಪೆಟ್ಟಿಗೆಯ ತಪ್ಪುಕಾಣಿಕೆ

ಮೂಡುಬಿದಿರೆ,
೧೮-೨-೧೯೬೬

ಪ್ರೀತಿಯ ಡೊಂಬಯ್ಯಣ್ಣನಿಗೆ ಕಮಲಾಕ್ಷನ ನಮಸ್ಕಾರಗಳು.

ನಿಮ್ಮ ಮಗಳು ಕಾಂತಿ ಬರೆದ ಕಾರ್ಡು ಬಂದು ತಿಂಗಳಾಯಿತು. ಉತ್ತರ ತಡವಾಯಿತು, ಕ್ಷಮಿಸಿ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಹರಿದು ಹಾಕಿದೆ. ಕಾಂತಿ, ನಿಧಾನವಾಗಿ ಓದಿ ಅಪ್ಪನಿಗೆ ತುಳುವಿನಲ್ಲಿ ಹೇಳು ಮಗಾ.

ಇಲ್ಲಿ ನಾನು ಕ್ಷೇಮ. ಬಸದಿಯ ಹತ್ತಿರ ಪದ್ಮಲತಮ್ಮ ಎಂಬವರ ಮನೆಯಲ್ಲಿ ಕೋಣೆ ಹಿಡಿದಿದ್ದೇನೆ. ಜೈನರ ಮನೆ, ಸೂರ್ಯ ಮುಳುಗುವ ಮೊದಲೇ ಊಟ. ಬೆಳಗ್ಗೆ ಹಸಿವಿಗೆ ಕೋಳಿಗಿಂತ ಮುಂಚೆ ಏಳುತ್ತೇನೆ. ನಿಮ್ಮ ಮನೆಯಿಂದ ಹೊರಡುವಾಗ ಕುಸುಮಕ್ಕ ಕಟ್ಟಿಕೊಟ್ಟ ಒಣಮೀನನ್ನು ಇಲ್ಲಿ ಬಿಚ್ಚುವ ಧೈರ್ಯವಾಗದೆ ಬಸ್ಸಿನ ಕಂಡಕ್ಟರನಿಗೆ ಕೊಟ್ಟುಬಿಟ್ಟೆ. ಅಕ್ಕನಿಗೆ ಹೇಳಬೇಡಿ.

ನಾನು ಇವತ್ತು ಅನ್ನ ತಿನ್ನುತ್ತಿರುವುದು ನಿಮ್ಮಿಂದ. ಡಿಸೆಂಬರಿನಲ್ಲಿ ಚಾರ್ಮಾಡಿಯ ಸೇತುವೆ ಕೆಲಸ ಮುಗಿಸಿ ಬರುವಾಗ ಮಡಂತ್ಯಾರಿನಲ್ಲಿ ಚಾ ಕುಡಿಯಲು ಬಸ್ಸಿನಿಂದ ಇಳಿದೆ. ತಿರುಗಿ ಹತ್ತಿ ನೋಡಿದರೆ ಸೀಟಿನ ಕೆಳಗಿದ್ದ ಸೀಸದ ಪೆಟ್ಟಿಗೆ ಇಲ್ಲ! ಕಬ್ಬಿಣದ ಬೆಸುಗೆಯೊಳಗೆ ಬಿರುಕು ಉಂಟೋ ಎಂದು ಎಕ್ಸ್‌ರೇಯ ಹಾಗೆ ಫೋಟೋ ಹಿಡಿಯುವ ಯಂತ್ರ ಅದು. ಕಂಪೆನಿಯ ಸಾಹೇಬರು "ಪೆಟ್ಟಿಗೆ ಇಲ್ಲದಿದ್ದರೆ ನೀನೂ ಇಲ್ಲ" ಎಂದರು. ಪೊಲೀಸರು ಬರೆದುಕೊಂಡರು, ಅಷ್ಟೆ. ನಾನು ನಮ್ಮವರು ಮಾಡುವುದನ್ನೇ ಮಾಡಿದೆ: ಕಲ್ಲುರ್ಟಿ ದೈವಕ್ಕೆ ಹರಕೆ ಹೇಳಿ, ಅದನ್ನು ಸಂತೆಯಲ್ಲೂ ಬಸ್ಸಿನಲ್ಲೂ ಡಂಗುರ ಸಾರಿದೆ. ಪೊಲೀಸರಿಗೆ ಹೆದರದ ಕಳ್ಳನೂ ಕಲ್ಲುರ್ಟಿಗೆ ಹೆದರುತ್ತಾನಲ್ಲ.

ಹೆದರಿದ. ನೇತ್ರಾವತಿಯ ದಡದ ಪೊದೆಗೆ ಎಸೆದು ಹೋದ. ಸಿಕ್ಕಿದ್ದು ನಿಮಗೆ. ಸೀಸ ಕಂಡರೆ ಬಲೆ ಬೀಸುವವರ ಕೈ ಸುಮ್ಮನಿರುತ್ತದೆಯೇ? ಕರಗಿಸಿ ಬಲೆಗೆ ಗುಂಡು ಎರೆಯುವ ಎಂದು ಹೊರಟಿದ್ದಿರಿ. ಅಷ್ಟರಲ್ಲಿ ದೋಣಿಯ ಹನೀಫಾ ಬಂದು, "ಅದನ್ನು ಮುಟ್ಬೇಡಿ ಮಾರಾಯ್ರೆ, ಅದರ ಮೇಲೆ ಕಲ್ಲುರ್ಟಿಗೆ ಹೇಳಿದ್ದುಂಟು" ಎಂದನಂತೆ. ಅವನಿಗೆ ನನ್ನ ಸಲಾಮು ತಿಳಿಸಿ. ಕರಗಿಸಿದ್ದರೆ ನಿಮ್ಮ ಮನೆಯೊಂದೇ ಅಲ್ಲ, ಕೇರಿಯೇ ಹಾಳಾಗುತ್ತಿತ್ತು. ನೀವು ಅದನ್ನು ತಲೆಯ ಮೇಲೆ ಹೊತ್ತು ನಾನು ಹುಡುಕಾಡುತ್ತಿದ್ದ ಬಂಟ್ವಾಳ ಪೇಟೆಗೆ ತಂದು, "ನಿಮ್ಮ ವಸ್ತು ನಿಮಗೆ. ದೈವದ ಎದುರು ನನ್ನ ಹೆಸರು ಬರುವುದು ಬೇಡ" ಎಂದಿರಿ. ಇನಾಮು ಕೊಡಲು ಹೋದರೆ ಬೈದು, ಮನೆಗೆ ಕರೆದುಕೊಂಡು ಹೋಗಿ ಗಂಜಿ ಊಟ ಹಾಕಿಸಿದಿರಿ. ಹೆತ್ತ ಅಪ್ಪನೂ ನನಗೆ ಅಷ್ಟು ಮಾಡಿದವನಲ್ಲ. ನಿಮ್ಮ ಋಣ ದೊಡ್ಡದು.

ಕಾಂತಿಯ ಪರೀಕ್ಷೆ ಚೆನ್ನಾಗಿ ಆಗಲಿ, ಅವಳು ಟೀಚರಾಗಲಿ. ಕುಸುಮಕ್ಕನ ಒಲೆ ಯಾವತ್ತೂ ಆರದಿರಲಿ.

ಇಂತು ನಿಮ್ಮ ತಮ್ಮನಂತಿರುವ,
ಕಮಲಾಕ್ಷ

ತಾ.ಕ.: ಸಹಿ ಹಾಕಿ ಅಂಚೆಪೆಟ್ಟಿಗೆಯವರೆಗೆ ಹೋಗಿ ಹಿಂದೆ ಬಂದೆ. ಕಾರ್ಡಿನ ಒಂದು ಸಾಲಿಗೆ ಉತ್ತರ ಕೊಡದೆ ಇಷ್ಟುದ್ದ ಬರೆದಿದ್ದೇನೆ. "ಅಪ್ಪನ ಬಲಗೈಯ ಬೆರಳುಗಳು ಬೆಂದ ಹಾಗೆ ಕಪ್ಪಾಗಿವೆ. ಹರಕೆಯ ವಸ್ತು ಮುಟ್ಟಿದ್ದಕ್ಕೆ ದೈವದ ಸಿಟ್ಟು ಎಂದು ತಪ್ಪುಕಾಣಿಕೆ ಹಾಕಿದ್ದಾರೆ, ಮದ್ದಿಗೆ ಬರುವುದಿಲ್ಲ."

ಡೊಂಬಯ್ಯಣ್ಣ, ಅಂದು ಗಂಜಿಯ ಮುಂದೆ ನೀವು ಏನನ್ನೂ ಮುಚ್ಚಿಡಲಿಲ್ಲ. ಹನೀಫಾ ಬರುವ ಮೊದಲು ಮುಚ್ಚಳ ತೆಗೆದದ್ದನ್ನು, ಪೆನ್ಸಿಲಿನ ತುಂಡಿನಷ್ಟಿದ್ದ ಹೊಳೆಯುವ ಲೋಹವನ್ನು ಒಂದು ವೀಳ್ಯ ಜಗಿಯುವಷ್ಟು ಹೊತ್ತು ಬೆರಳಲ್ಲಿ ತಿರುಗಿಸಿ ನೋಡಿ ಮತ್ತೆ ಒಳಗಿಟ್ಟದ್ದನ್ನು ನೀವೇ ಹೇಳಿದಿರಿ. ಅದು ಎಕ್ಸ್‌ರೇಯಂಥ ಕಿರಣ ಸೂಸಿ ಬೆಂಕಿಯಿಲ್ಲದೆ ಸುಡುವ ವಸ್ತು. ಗಾಯ ಏಳುವುದು ವಾರಗಳ ಮೇಲೆ. ನನಗೆ ಗೊತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆಂದು "ಏನೂ ಆಗುವುದಿಲ್ಲ" ಎಂದೆ. ಕಂಪೆನಿಗೆ "ಪೆಟ್ಟಿಗೆ ತೆರೆಯದೆ ಸಿಕ್ಕಿತು" ಎಂದು ಬರೆದುಕೊಟ್ಟೆ.

ಆ ಬರಹ ಸುಳ್ಳೆಂದು ಇವತ್ತೇ ಕಂಪೆನಿಗೂ ಕಾಗದ ಹಾಕುತ್ತಿದ್ದೇನೆ. ಬುಧವಾರ ಮೊದಲ ಬಸ್ಸಿಗೆ ಬರುತ್ತೇನೆ. ಮಂಗಳೂರಿನ ಆಸ್ಪತ್ರೆಗೆ ಒಟ್ಟಿಗೆ ಹೋಗುವ. ಈ ಕಾಗದವನ್ನು ಡಾಕ್ಟರಿಗೆ ತೋರಿಸಬೇಕು, ಜೋಪಾನ. ಕಲ್ಲುರ್ಟಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ತಪ್ಪುಕಾಣಿಕೆ ಹಾಕಬೇಕಾದವನು ನಾನು.

ಕಾಂತಿ, ಅಳು ಬಂದರೂ ಇಲ್ಲಿಯವರೆಗೆ ಓದು. ಒಂದು ಮಾತೂ ಬಿಡದೆ ಅಪ್ಪನಿಗೆ ಹೇಳು.